ನಾಣ್ಯದ ಮೇಲೂ ಕಳೆಗಳ ಪಟ್ಟಿಯಲ್ಲೂ ಇರುವ ಗಿಡ: ಥಿಸಲ್

1984ರಲ್ಲಿ ಬ್ರಿಟನ್ ಹೊರತಂದ ಒಂದು ಪೌಂಡ್ ನಾಣ್ಯದ ಹಿಂಬದಿಯಲ್ಲಿ, ಕಿರೀಟದ ಪಟ್ಟಿಯೊಂದರ ನಡುವಿನಿಂದ ಮೇಲೆದ್ದ ಮುಳ್ಳುಗಿಡದ ಚಿತ್ರವಿದೆ. ನಾಣ್ಯದ ಅಂಚಿನ ಸುತ್ತ ಲ್ಯಾಟಿನ್ ಭಾಷೆಯ ಒಂದು ಸಾಲನ್ನು ಕೊರೆದಿದ್ದಾರೆ. ನನ್ನನ್ನು ಕೆಣಕಿದವರು ಶಿಕ್ಷೆಯಿಲ್ಲದೆ ಪಾರಾಗಲಾರರು ಎಂಬುದು ಅದರ ತಾತ್ಪರ್ಯ. ಆ ಗಿಡ ಥಿಸಲ್, ಸ್ಕಾಟ್ಲೆಂಡಿನ ರಾಷ್ಟ್ರೀಯ ಲಾಂಛನ. ಆ ನಾಣ್ಯಕ್ಕಿಂತ ಕಾಲು ಶತಮಾನ ಮೊದಲು, 1959ರಲ್ಲಿ, ಅದೇ ಬ್ರಿಟನ್ನಿನ ಸಂಸತ್ತು ಕಳೆಗಳ ಕಾಯಿದೆಯನ್ನು ಅಂಗೀಕರಿಸಿ ಐದು ಗಿಡಗಳನ್ನು ಹಾನಿಕಾರಕವೆಂದು ಹೆಸರಿಸಿತ್ತು. ಆ ಐದರಲ್ಲಿ ಎರಡು ಥಿಸಲ್‌ಗಳು. ಅವುಗಳಲ್ಲೊಂದು, ಸ್ಕಾಟ್ಲೆಂಡಿನ ಲಾಂಛನವಾಗಿರುವ ಸಾಧ್ಯತೆ ಅತಿ ಹೆಚ್ಚಾಗಿರುವ ಸ್ಪಿಯರ್ ಥಿಸಲ್.

ಒಂದೇ ಗಿಡವನ್ನು ಕಿರೀಟದೊಂದಿಗೆ ಟಂಕಿಸುವುದು ಮತ್ತು ಹೊಲದಿಂದ ಹೊರಹಾಕಬೇಕೆಂದು ಕಾನೂನು ಮಾಡುವುದು, ಈ ಎರಡೂ ಒಂದಕ್ಕೊಂದು ವಿರುದ್ಧವಾದ ನಡೆಗಳೆಂದು ತೋರಬಹುದು. ನನಗೆ ಹಾಗೆನಿಸುವುದಿಲ್ಲ. ಎರಡರ ಬುಡದಲ್ಲಿಯೂ ಇರುವುದು ಮುಳ್ಳು. ಹೊಗಳಿದವರು ಮುಳ್ಳಿನಲ್ಲಿ ಶೌರ್ಯವನ್ನು ಕಂಡರು, ತೆಗಳಿದವರು ಉಪದ್ರವವನ್ನು ಕಂಡರು. ಮುಳ್ಳಿನ ಹಿಂದಿರುವ ಗಿಡವನ್ನು ನಿಧಾನವಾಗಿ ನೋಡಿದವರು ಎರಡು ಗುಂಪಿನಲ್ಲಿಯೂ ಕಡಿಮೆ. ಹಾಗೆ ನೋಡದಿರುವುದರಿಂದ ಕೆಲವು ಅಪರೂಪದ ಗಿಡಗಳಿಗೆ ನಿಜವಾದ ಹಾನಿಯಾಗಿದೆ ಎಂಬುದೇ ಈ ಬರಹಕ್ಕೆ ಕಾರಣ.

ಥಿಸಲ್ ಎಂಬುದು ಒಂದು ಪ್ರಭೇದದ ಹೆಸರಲ್ಲ, ಸೂರ್ಯಕಾಂತಿ ಕುಟುಂಬದೊಳಗಿನ ಒಂದು ದೊಡ್ಡ ಬಳಗದ ಹೆಸರು. ಸಿರ್ಸಿಯಮ್, ಕಾರ್ಡೂಯಸ್, ಓನೋಪೋರ್ಡಮ್, ಸಿಲಿಬಮ್, ಕಾರ್ಲಿನಾ, ಎಕಿನಾಪ್ಸ್, ಸಿನಾರಾ ಮುಂತಾದ ಕುಲಗಳ ನೂರಾರು ಪ್ರಭೇದಗಳು ಇದರಲ್ಲಿ ಸೇರುತ್ತವೆ. ಕನ್ನಡಿಗರಿಗೆ ಚೆನ್ನಾಗಿ ಪರಿಚಯವಿರುವ ಕುಸುಬೆಯೂ ಇದೇ ಬಳಗದ್ದು. ಅದರ ಮುಳ್ಳುಹಲ್ಲಿನ ಎಲೆಯನ್ನೂ ಹೂವಿನ ಕೆಳಗಿನ ಚುಚ್ಚುವ ಹುರುಪೆಗಳನ್ನೂ ಕಂಡವರಿಗೆ ಥಿಸಲ್‌ನ ಚಹರೆಯನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ಇದಕ್ಕೆ ವಿರುದ್ಧವಾಗಿ, ಬಿಳಿ ನರಗಳ ಮುಳ್ಳೆಲೆಯಿಂದಾಗಿ ದೂರದಿಂದ ಥಿಸಲ್‌ನಂತೆಯೇ ಕಾಣುವ ಅರಿಶಿನ ಉಮ್ಮತ್ತಿ, ಅಂದರೆ ಆರ್ಗಿಮೋನ್ ಮೆಕ್ಸಿಕಾನ, ಈ ಬಳಗಕ್ಕೆ ಸೇರಿದ್ದೇ ಅಲ್ಲ. ಅದು ಗಸಗಸೆ ಕುಟುಂಬದ ಗಿಡ, ಮುರಿದರೆ ಹಳದಿ ಹಾಲು ಒಸರುತ್ತದೆ, ಮತ್ತು ಅದರ ಬೀಜದ ಎಣ್ಣೆ ಸಾಸಿವೆ ಎಣ್ಣೆಯಲ್ಲಿ ಬೆರೆತಾಗ ಮನುಷ್ಯರಿಗೆ ಪ್ರಾಣಾಂತಿಕವಾಗಬಲ್ಲದು. ಮುಳ್ಳನ್ನಷ್ಟೇ ನೋಡಿ ಗಿಡವನ್ನು ಗುರುತಿಸಹೊರಟರೆ ಎಣ್ಣೆಕಾಳಿನ ಬೆಳೆಯೂ ವಿಷದ ಕಳೆಯೂ ಒಂದೇ ಸಾಲಿಗೆ ಬಂದುಬಿಡುತ್ತವೆ.

ಬಳಗದ ಪ್ರತಿನಿಧಿಯಾಗಿ ನಾನು ಸ್ಪಿಯರ್ ಥಿಸಲ್ ಅನ್ನೇ ಆರಿಸಿಕೊಳ್ಳುತ್ತೇನೆ. ಇದರ ಸಸ್ಯಶಾಸ್ತ್ರೀಯ ಹೆಸರು ಸಿರ್ಸಿಯಮ್ ವಲ್ಗೇರ್. ಯುರೋಪ್, ಪಶ್ಚಿಮ ಏಷ್ಯಾ ಮತ್ತು ಆಫ್ರಿಕಾದ ವಾಯವ್ಯ ಭಾಗ ಇದರ ತವರು. ಇಂದು ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿಯೂ ಇದು ನೆಲೆಯೂರಿದೆ. ಇದು ಸಾಮಾನ್ಯವಾಗಿ ಎರಡು ವರ್ಷ ಬಾಳುವ ಗಿಡ. ಮೊದಲ ವರ್ಷ ಕಾಂಡವೇ ಏಳುವುದಿಲ್ಲ. ಎಲೆಗಳೆಲ್ಲವೂ ನೆಲಕ್ಕೆ ಒತ್ತಿಕೊಂಡು ಚಕ್ರಾಕಾರವಾಗಿ ಹರಡಿ, ತಮ್ಮ ಅಡಿಯಲ್ಲಿ ಮೊಳೆಯಬಹುದಾದ ಹುಲ್ಲಿಗೆ ಬೆಳಕು ಸಿಗದಂತೆ ಮಾಡಿ, ದುಡಿದ ಆಹಾರವನ್ನೆಲ್ಲ ತಾಯಿಬೇರಿನಲ್ಲಿ ಕೂಡಿಡುತ್ತವೆ. ಚಳಿಗಾಲವನ್ನು ಗಿಡ ಇದೇ ರೂಪದಲ್ಲಿ ಕಳೆಯುತ್ತದೆ. ಎರಡನೆಯ ವರ್ಷ ಆ ದಾಸ್ತಾನಿನ ಬಲದಿಂದ ಕಾಂಡ ಮೇಲೆದ್ದು, ಒಂದರಿಂದ ಒಂದೂವರೆ ಮೀಟರ್ ಎತ್ತರಕ್ಕೆ ಬೆಳೆದು, ಕವಲೊಡೆದು, ಹೂಬಿಟ್ಟು, ಬೀಜ ಕಟ್ಟಿ, ಬೇರುಸಹಿತ ಸಾಯುತ್ತದೆ. ಬೇರಿನಿಂದ ಮತ್ತೆ ಚಿಗುರುವ ದಾರಿ ಇದಕ್ಕಿಲ್ಲ. ಮುಂದಿನ ಪೀಳಿಗೆಗೆ ಬೀಜವೊಂದೇ ಆಧಾರ. ನೆಲ ಬಡವಾಗಿದ್ದರೆ ಹೂಬಿಡಲು ಎರಡಕ್ಕಿಂತ ಹೆಚ್ಚು ವರ್ಷ ಕಾಯುವುದೂ ಉಂಟು, ಏಕೆಂದರೆ ಗಿಡ ಎಣಿಸುವುದು ವರ್ಷಗಳನ್ನಲ್ಲ. ಎಲೆಚಕ್ರ ಒಂದು ಗಾತ್ರಕ್ಕೆ ಬಂದಿದೆಯೇ ಎಂಬುದರ ಮೇಲೆ ಅದರ ತೀರ್ಮಾನ ನಿಂತಿದೆ.

ಇದರ ಮುಳ್ಳುಗಳ ವ್ಯವಸ್ಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಪ್ರತಿಯೊಂದು ಎಲೆಯೂ ಆಳವಾಗಿ ಸೀಳಿದೆ; ಪ್ರತಿ ಸೀಳಿನ ತುದಿ ಗಟ್ಟಿಯಾದ ಹಳದಿ ಮುಳ್ಳಿನಲ್ಲಿ ಕೊನೆಗೊಳ್ಳುತ್ತದೆ, ಎಲೆಯ ತುತ್ತತುದಿಯ ಸೀಳಂತೂ ಈಟಿಯಂತೆ ಉದ್ದವಾಗಿ ಚಾಚಿರುತ್ತದೆ. ಎಲೆಯ ಮೇಲ್ಮೈಯಲ್ಲಿಯೂ ಚಿಕ್ಕ ಚಿಕ್ಕ ಮುಳ್ಳುಗೂದಲುಗಳಿದ್ದು, ಅಂಚನ್ನು ತಪ್ಪಿಸಿ ನಡುವಿಗೆ ಬಾಯಿ ಹಾಕಿದ ಪ್ರಾಣಿಗೂ ಅವು ಚುಚ್ಚುತ್ತವೆ. ಎಲೆಯ ಬುಡ ಕಾಂಡದ ಉದ್ದಕ್ಕೂ ಇಳಿದು ರೆಕ್ಕೆಯಂತೆ ಅಂಟಿಕೊಂಡಿರುತ್ತದೆ, ಆ ರೆಕ್ಕೆಗೂ ಮುಳ್ಳಿದೆ. ಹೂತಲೆಯನ್ನು ಹೊತ್ತ ಹಸಿರು ಬಟ್ಟಲಿನ ಹುರುಪೆಗಳೂ ಒಂದೊಂದಾಗಿ ಮುಳ್ಳಿನ ಮೊನೆ ಹೊತ್ತು ಹೊರಗೆ ಬಾಗಿವೆ. ಆದರೆ ಆ ಬಟ್ಟಲಿನ ಮೇಲೆ, ಮಕರಂದವಿರುವ ನೇರಳೆ ಕುಚ್ಚಿನಲ್ಲಿ, ಒಂದೇ ಒಂದು ಮುಳ್ಳೂ ಇಲ್ಲ. ಮೇಯುವ ಬಾಯಿ ಬರುವ ದಾರಿಗಳೆಲ್ಲ ಮುಚ್ಚಿವೆ, ಜೇನ್ನೊಣ ಬಂದಿಳಿಯುವ ಕಡೆ ಪೂರ್ತಿ ತೆರೆದಿದೆ.

ಗಿಡಗಳಿಗೆ ಆತ್ಮರಕ್ಷಣೆಗೆ ಇರುವ ಮಾರ್ಗಗಳಲ್ಲಿ ಎರಡು ಮುಖ್ಯ: ಒಂದು ಮುಳ್ಳು, ಇನ್ನೊಂದು ವಿಷ. ಎಕ್ಕದಂಥ ಗಿಡ ಮೃದುವಾದ ಎಲೆಯನ್ನು ಬಯಲಿನಲ್ಲಿ ಚಾಚಿಕೊಂಡು ನಿಶ್ಚಿಂತೆಯಿಂದಿರುತ್ತದೆ, ಏಕೆಂದರೆ ಅದರ ಹಾಲೇ ಅದರ ಕಾವಲು. ಸ್ಪಿಯರ್ ಥಿಸಲ್‌ನ ಒಳಗೆ ಅಂಥ ವಿಷವಿಲ್ಲ. ಮುಳ್ಳನ್ನು ದಾಟಿದರೆ ಒಳಗಿರುವುದು ನೀರು ತುಂಬಿದ, ಮೆದುವಾದ, ತಿನ್ನಲು ಯೋಗ್ಯವಾದ ಸಸ್ಯ. ಕತ್ತೆಗಳೂ ಮೇಕೆಗಳೂ ಥಿಸಲ್ ಅನ್ನು ಇಷ್ಟಪಟ್ಟು ತಿನ್ನುವುದು ಇದೇ ಕಾರಣಕ್ಕೆ. ಅವುಗಳ ತುಟಿ, ನಾಲಗೆಗಳು ಮುಳ್ಳನ್ನು ನಿಭಾಯಿಸಬಲ್ಲವು, ಒಮ್ಮೆ ನಿಭಾಯಿಸಿದ ಮೇಲೆ ಅವುಗಳಿಗೆ ಬೇರೆ ಅಡ್ಡಿಯಿಲ್ಲ. ಮೇವಿಗೆ ಯೋಗ್ಯವಾದ ಗಿಡಕ್ಕೇ ಇಷ್ಟೊಂದು ಕಾವಲು ಬೇಕಾಗುತ್ತದೆ ಎಂಬುದು ನನಗೆ ಥಿಸಲ್ ಕಲಿಸಿದ ಅತ್ಯಂತ ಸ್ವಾರಸ್ಯದ ಪಾಠ. ಈ ಕಾವಲಿನ ಪ್ರಯೋಜನ ನೆರೆಹೊರೆಗೂ ತಲುಪುತ್ತದೆ: ದನ, ಕುರಿಗಳು ಬಾಯಿ ಹಾಕಲು ಹಿಂಜರಿಯುವ ಮುಳ್ಳುಗಿಡದ ಬುಡದಲ್ಲಿ, ಬಯಲಿನಲ್ಲಾದರೆ ಮೇದುಹೋಗುತ್ತಿದ್ದ ಸಣ್ಣ ಗಿಡಗಳು ಹೂಬಿಟ್ಟು ಬೀಜ ಉದುರಿಸುವಷ್ಟು ಕಾಲ ಉಳಿದುಕೊಳ್ಳುತ್ತವೆ.

ಬಳಗದಲ್ಲಿ ಮುಳ್ಳೇ ಇಲ್ಲದ ಸದಸ್ಯರೂ ಇದ್ದಾರೆ. ಉತ್ತರ ಯುರೋಪಿನ ಎತ್ತರದ ಹುಲ್ಲುಗಾವಲುಗಳಲ್ಲಿ ಬೆಳೆಯುವ ಮೆಲಂಕಲಿ ಥಿಸಲ್‌ನ ಎಲೆ ಅಗಲವಾಗಿ, ಹಿಂಬದಿಯಲ್ಲಿ ಬಿಳಿ ತುಪ್ಪುಳಿನಿಂದ ಕೂಡಿದ್ದು, ಕೈಗೆ ಮೆತ್ತಗೆ ಸಿಗುತ್ತದೆ. ಹಿಂದಿನ ಮೂಲಿಕಾ ವೈದ್ಯರು ಅದನ್ನು ಮನಸ್ಸಿನ ವಿಷಾದಕ್ಕೆ ಮದ್ದೆಂದು ಕೊಡುತ್ತಿದ್ದರು.

ಹೂವಿನ ವಿಷಯಕ್ಕೆ ಬರೋಣ. ಥಿಸಲ್‌ನ ಹೂ ಎಂದು ನಾವು ಕರೆಯುವುದು ವಾಸ್ತವವಾಗಿ ನೂರಾರು ಪುಟ್ಟ ಹೂಗಳ ಗುಂಪು. ಸೂರ್ಯಕಾಂತಿಯಲ್ಲಿ ಅಂಚಿನ ಸುತ್ತ ಹಳದಿ ದಳಗಳಂತೆ ಕಾಣುವ ಹೂಗಳು ಒಂದು ಬಗೆ, ನಡುವಿನ ತಟ್ಟೆಯಲ್ಲಿರುವ ಕೊಳವೆಯಾಕಾರದ ಹೂಗಳು ಇನ್ನೊಂದು ಬಗೆ. ಥಿಸಲ್‌ನಲ್ಲಿ ಮೊದಲನೆಯ ಬಗೆ ಇಲ್ಲವೇ ಇಲ್ಲ, ಇರುವುದೆಲ್ಲ ಕೊಳವೆಗಳೇ. ಪ್ರತಿ ಕೊಳವೆಯೊಳಗೆ ಐದು ಪರಾಗಕೋಶಗಳು ಒಂದಕ್ಕೊಂದು ಅಂಟಿ ಇನ್ನೊಂದು ಸಣ್ಣ ಕೊಳವೆಯಾಗಿವೆ, ಅದರ ನಡುವಿನಿಂದ ಹೂವಿನ ಹೆಣ್ಣುಭಾಗದ ಕಡ್ಡಿಯಾದ ಶಲಾಕೆ ಮೇಲಕ್ಕೆ ಬೆಳೆಯುತ್ತ ಪರಾಗವನ್ನು ಹೊರಕ್ಕೆ ತಳ್ಳುತ್ತದೆ. ಈ ಬಳಗದ ಹಲವು ಗಿಡಗಳಲ್ಲಿ ಕೇಸರಗಳ ಎಳೆಗಳಿಗೆ ಸ್ಪರ್ಶಜ್ಞಾನವೂ ಇದೆ. ಕೀಟದ ಕಾಲು ತಗುಲಿದಾಗ ಎಳೆಗಳು ಸಂಕುಚಿಸಿ ಪರಾಗಕೋಶದ ಕೊಳವೆಯನ್ನು ಕೆಳಗೆಳೆಯುತ್ತವೆ. ಶಲಾಕೆ ಇದ್ದಲ್ಲಿಯೇ ಇರುವುದರಿಂದ ಪರಾಗದ ಒಂದು ಸಣ್ಣ ಉಂಡೆ ಮೇಲಕ್ಕೆ ಬಂದು ನೇರವಾಗಿ ಕೀಟದ ಮೈಗೆ ಹತ್ತುತ್ತದೆ. ಪರಾಗವನ್ನು ಒಮ್ಮೆಲೇ ಸುರಿದುಬಿಡದೆ, ಬಂದ ಅತಿಥಿಗೆ ಮಾತ್ರ, ಬಂದಾಗ ಮಾತ್ರ ಕೊಡುವ ಈ ಏರ್ಪಾಡು ಬಹಳ ಮಿತವ್ಯಯದ್ದು. ಶಲಾಕೆಯ ತುದಿ ಪರಾಗ ಸ್ವೀಕರಿಸಲು ಸಿದ್ಧವಾಗುವುದು ಆಮೇಲೆ, ಆದ್ದರಿಂದ ಆ ಪುಟ್ಟ ಹೂ ತನ್ನದೇ ಪರಾಗವನ್ನು ತಾನು ಪಡೆಯುವ ಸಂಭವ ತಗ್ಗುತ್ತದೆ. ಬೇಸಿಗೆಯ ಕೊನೆಯಲ್ಲಿ, ಉತ್ತರದ ದೇಶಗಳಲ್ಲಿ ಇತರ ಹೂಗಳು ಮುಗಿಯುತ್ತ ಬಂದಾಗ, ಥಿಸಲ್‌ನ ತಲೆಗಳ ಮೇಲೆ ಬಂಬಲ್‌ಬೀಗಳೂ ಚಿಟ್ಟೆಗಳೂ ಮುಗಿಬೀಳುತ್ತವೆ.

ಬೀಜದ ಹಾರಾಟದ ಬಗ್ಗೆ ಜನರಲ್ಲಿ ಒಂದು ಗಾಢವಾದ ನಂಬಿಕೆಯಿದೆ: ಥಿಸಲ್‌ನ ಬಿಳಿ ತುಪ್ಪುಳು ಗಾಳಿಯಲ್ಲಿ ತೇಲುತ್ತಿದ್ದರೆ ಅಷ್ಟೂ ಕಡೆ ಕಳೆ ಬಿತ್ತನೆಯಾಗುತ್ತಿದೆ ಎಂದು. ವಾಸ್ತವದಲ್ಲಿ ತೇಲುವ ಕುಚ್ಚುಗಳಲ್ಲಿ ಬಹಳಷ್ಟು ಬರಿದಾಗಿರುತ್ತವೆ. ಬೀಜಕ್ಕೂ ರೋಮದ ಕುಚ್ಚಿಗೂ ಇರುವ ಬೆಸುಗೆ ದುರ್ಬಲ. ಕುಚ್ಚು ಸುಲಭವಾಗಿ ಕಳಚಿಕೊಂಡು ಹಗುರವಾಗಿ ದೂರ ಹೋಗುತ್ತದೆ, ಭಾರವಾದ ಬೀಜ ತಾಯಿಗಿಡದ ಹತ್ತಿರವೇ ಉದುರುತ್ತದೆ. ಕೆಲವು ಬೀಜಗಳು ದೂರ ಸಾಗುವುದು ನಿಜ, ಆದರೆ ಹೆಚ್ಚಿನವು ಕೆಲವೇ ಮೀಟರುಗಳ ಒಳಗೆ ನೆಲ ಸೇರುತ್ತವೆ. ಆ ಕುಚ್ಚನ್ನು ಭೂತಗನ್ನಡಿಯಲ್ಲಿ ನೋಡುವುದು ನನಗೆ ಯಾವಾಗಲೂ ಸಂತೋಷ ಕೊಡುವ ಕೆಲಸ. ಸಿರ್ಸಿಯಮ್ ಕುಲದಲ್ಲಿ ಪ್ರತಿ ರೋಮಕ್ಕೂ ಹಕ್ಕಿಯ ಗರಿಯಂತೆ ಪಕ್ಕದ ಎಳೆಗಳಿವೆ. ಕಾರ್ಡೂಯಸ್ ಕುಲದಲ್ಲಿ ರೋಮ ಕವಲಿಲ್ಲದೆ ಸರಳವಾಗಿದೆ. ಹೊರನೋಟಕ್ಕೆ ಅಣ್ಣತಮ್ಮಂದಿರಂತಿರುವ ಎರಡು ಕುಲಗಳನ್ನು ಬೇರ್ಪಡಿಸಲು ಸಸ್ಯಶಾಸ್ತ್ರಜ್ಞರು ನೆಚ್ಚುವುದು ಮುಳ್ಳನ್ನಲ್ಲ, ಈ ರೋಮವನ್ನು.

ಈ ತುಪ್ಪುಳಿಗೂ ಬೀಜಕ್ಕೂ ಅತಿ ಹತ್ತಿರದ ನಂಟಿರುವುದು ಗೋಲ್ಡ್‌ಫಿಂಚ್ ಹಕ್ಕಿಗಳಿಗೆ. ಯುರೋಪಿನ ಗೋಲ್ಡ್‌ಫಿಂಚ್‌ನ ಕೊಕ್ಕು ಅದರ ಹತ್ತಿರದ ಸಂಬಂಧಿಗಳ ಕೊಕ್ಕಿಗಿಂತ ಸಪೂರ ಮತ್ತು ಉದ್ದ. ಮುಳ್ಳಿನ ಬಟ್ಟಲಿನೊಳಗೆ ಅದನ್ನು ತೂರಿಸಿ ಬೀಜ ಹೆಕ್ಕುವುದು ಆ ಹಕ್ಕಿಗೆ ಸಲೀಸು. ಅಮೆರಿಕದ ಗೋಲ್ಡ್‌ಫಿಂಚ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಬಹುತೇಕ ಹಕ್ಕಿಗಳು ವಸಂತದಲ್ಲೇ ಗೂಡು ಕಟ್ಟಿ ಮುಗಿಸಿದರೂ ಅದು ನಡುಬೇಸಿಗೆಯವರೆಗೆ ಕಾಯುತ್ತದೆ, ಏಕೆಂದರೆ ಥಿಸಲ್‌ನಂಥ ಗಿಡಗಳು ಬಲಿತು ಬೀಜವನ್ನೂ ತುಪ್ಪುಳನ್ನೂ ಕೊಡುವುದು ಆಗ. ಅದೇ ತುಪ್ಪುಳನ್ನು ಗೂಡಿನ ಒಳಹಾಸಿಗೆ ಬಳಸಿ, ಅದೇ ಬೀಜವನ್ನು ಮರಿಗಳಿಗೆ ಉಣಿಸುತ್ತದೆ. ಚಿಟ್ಟೆಗಳಲ್ಲಿ ಪೇಂಟೆಡ್ ಲೇಡಿಯ ಮರಿಹುಳುಗಳಿಗೆ ಥಿಸಲ್‌ನ ಎಲೆ ಅಚ್ಚುಮೆಚ್ಚಿನ ಆಹಾರ. ಎಲೆಯ ಮೇಲೆ ರೇಷ್ಮೆಯ ಗೂಡಾರ ಹೆಣೆದು ಅದರೊಳಗೆ ಕುಳಿತು ಅವು ಮೇಯುತ್ತವೆ. ಆಫ್ರಿಕಾದ ಉಷ್ಣಪ್ರದೇಶಕ್ಕೂ ಉತ್ತರ ಯುರೋಪಿಗೂ ನಡುವೆ ಹಲವು ಪೀಳಿಗೆಗಳಲ್ಲಿ ಹೋಗಿಬರುವ ಈ ಚಿಟ್ಟೆಯ ಮಹಾಯಾನ, ದಾರಿಯುದ್ದಕ್ಕೂ ಸಿಗುವ ಇಂಥ ಗಿಡಗಳನ್ನು ನೆಚ್ಚಿಕೊಂಡಿದೆ.

ಮನುಷ್ಯರೂ ಥಿಸಲ್‌ನಿಂದ ಸಾಕಷ್ಟು ಪಡೆದಿದ್ದಾರೆ. ಮೊದಲ ವರ್ಷದ ಬೇರನ್ನು ಬೇಯಿಸಿ ತಿನ್ನಬಹುದು. ಅದರಲ್ಲಿ ಪಿಷ್ಟದ ಬದಲು, ಹೊಟ್ಟೆಯಲ್ಲಿ ಸುಲಭವಾಗಿ ಜೀರ್ಣವಾಗದ ಇನ್ಯುಲಿನ್ ಎಂಬ ನಾರಿನಂಶ ಇರುವುದರಿಂದ ಕೆಲವರ ಹೊಟ್ಟೆಗೆ ವಾಯು ಹೆಚ್ಚಾಗುತ್ತದೆ. ಎಳೆಯ ಕಾಂಡವನ್ನು ಸಿಪ್ಪೆ ಸುಲಿದು ತಿನ್ನುತ್ತಾರೆ. ತುಪ್ಪುಳನ್ನು ಬೆಂಕಿ ಹೊತ್ತಿಸಲೂ ದಿಂಬು ತುಂಬಲೂ ಬಳಸಿದ್ದಾರೆ. ಪೇಟೆಯಲ್ಲಿ ಬೆಲೆಬಾಳುವ ತರಕಾರಿಯಾದ ಆರ್ಟಿಚೋಕ್, ಮೆಡಿಟರೇನಿಯನ್ ತೀರದ ಕಾಡು ಥಿಸಲ್ ಆದ ಕಾರ್ಡೂನ್‌ನಿಂದ ಮನುಷ್ಯರು ರೂಪಿಸಿಕೊಂಡ ತಳಿ. ಅದರಲ್ಲಿ ನಾವು ತಿನ್ನುವುದು ಅರಳದ ಹೂತಲೆಯ ಹುರುಪೆಗಳ ದಪ್ಪ ಬುಡವನ್ನು ಮತ್ತು ಹೂಗಳು ಕೂತಿರುವ ತಿರುಳಿನ ಪೀಠವನ್ನು. ಕಾರ್ಡೂನ್‌ನ ಒಣಗಿದ ನೇರಳೆ ಕುಚ್ಚುಗಳಲ್ಲಿ ಹಾಲನ್ನು ಒಡೆಯಿಸುವ ಕಿಣ್ವಗಳಿವೆ. ಪೋರ್ಚುಗಲ್‌ನ ಸೆರ್ರಾ ದ ಎಸ್ಟ್ರೆಲಾ ಎಂಬ ಕುರಿಹಾಲಿನ ಚೀಸ್ ಇಂದಿಗೂ ಇದರಿಂದಲೇ ಹೆಪ್ಪುಗಟ್ಟುತ್ತದೆ, ಕರುವಿನ ಜಠರದಿಂದ ತೆಗೆಯುವ ರೆನೆಟ್ ಅದಕ್ಕೆ ಬೇಕಾಗಿಲ್ಲ. ಕುಸುಬೆಯ ಎಣ್ಣೆಯಷ್ಟೇ ಅದರ ಬಣ್ಣವೂ ಹಳೆಯದು. ಅದರ ಹೂವಿನ ಕೆಂಪು ಬಣ್ಣವನ್ನು ಪ್ರಾಚೀನ ಈಜಿಪ್ಟಿನ ನೇಯ್ಗೆಗಳಲ್ಲಿ ಗುರುತಿಸಿದ್ದಾರೆ.

ಔಷಧಿಯ ವಿಷಯದಲ್ಲಿ ಹೆಚ್ಚು ಹೆಸರು ಮಾಡಿದ್ದು ಮಿಲ್ಕ್ ಥಿಸಲ್, ಸಿಲಿಬಮ್ ಮರಿಯಾನಮ್. ಇದರ ಎಲೆಯ ಮೇಲೆ ಹಾಲು ಚೆಲ್ಲಿದಂತೆ ಬಿಳಿ ಗೆರೆಗಳಿವೆ. ಅವು ಯೇಸುವಿನ ತಾಯಿ ಮರಿಯಮ್ಮನ ಎದೆಹಾಲಿನ ಹನಿಗಳ ಗುರುತೆಂಬ ಕಥೆ ಯುರೋಪಿನಲ್ಲಿದೆ. ಇದರ ಬೀಜದಿಂದ ತೆಗೆಯುವ ಸಿಲಿಮರಿನ್ ಎಂಬ ಸಂಯುಕ್ತಗಳ ಮಿಶ್ರಣವನ್ನು ಯಕೃತ್ತಿನ ರಕ್ಷಣೆಗೆಂದು ಜಗತ್ತಿನಾದ್ಯಂತ ಮಾರುತ್ತಾರೆ. ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆ ಇಟ್ಟು ನೋಡಬೇಕು. ಡೆತ್ ಕ್ಯಾಪ್ ಎಂಬ ಮಾರಕ ಅಣಬೆಯನ್ನು ತಿಂದವರಿಗೆ, ಸಿಲಿಮರಿನ್‌ನ ಮುಖ್ಯ ಅಂಶವಾದ ಸಿಲಿಬಿನಿನ್ ಅನ್ನು ಯುರೋಪಿನ ಆಸ್ಪತ್ರೆಗಳಲ್ಲಿ ರಕ್ತನಾಳದ ಮೂಲಕ ಕೊಡುತ್ತಾರೆ. ಅಣಬೆಯ ವಿಷ ಯಕೃತ್ತಿನ ಜೀವಕೋಶದೊಳಗೆ ನುಗ್ಗುವ ದಾರಿಗೆ ಅದು ಅಡ್ಡ ನಿಲ್ಲುತ್ತದೆ. ಅದು ತುರ್ತು ಚಿಕಿತ್ಸೆ, ವೈದ್ಯರ ಕೈಯಲ್ಲಿ ನಡೆಯುವಂಥದ್ದು. ದೀರ್ಘಕಾಲದ ಯಕೃತ್ತಿನ ಕಾಯಿಲೆಗೆ ಮಾತ್ರೆ ನುಂಗುವುದು ಬೇರೆ ವಿಷಯ. ಅಲ್ಲಿ ದೊರೆತ ಫಲಿತಾಂಶಗಳು ಒಂದೇ ತೆರನಾಗಿಲ್ಲ. ಹೆಪಟೈಟಿಸ್ ಸಿ ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ನಿಯಂತ್ರಿತ ಪರೀಕ್ಷೆಯಲ್ಲಿ, ರೂಢಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೂ ಸಿಲಿಮರಿನ್ ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ. ಗಿಡದ ಬಗ್ಗೆ ನನಗೆ ಎಷ್ಟೇ ಪ್ರೀತಿಯಿದ್ದರೂ, ಯಕೃತ್ತಿನ ಕಾಯಿಲೆಯಿರುವ ಯಾರಿಗೂ ವೈದ್ಯರ ಸಲಹೆಯ ಬದಲು ಇದನ್ನು ಸೂಚಿಸಲು ನಾನು ಸಿದ್ಧನಿಲ್ಲ. ಜಾನುವಾರುಗಳಿಗೂ ಈ ಒಂದು ಥಿಸಲ್ ನಿರಪಾಯಕಾರಿಯಲ್ಲ. ಫಲವತ್ತಾದ ನೆಲದಲ್ಲಿ ಇದರ ಎಲೆಗಳಲ್ಲಿ ನೈಟ್ರೇಟ್ ಶೇಖರವಾಗಿ, ಹೆಚ್ಚು ಮೇದ ದನಗಳು ಸತ್ತಿರುವುದುಂಟು.

ಲಾಂಛನದ ಕಥೆಗೆ ಮರಳಿದರೆ, ಸ್ಕಾಟ್ಲೆಂಡಿನಲ್ಲಿ ಎಲ್ಲರೂ ಹೇಳುವ ದಂತಕಥೆ ಹೀಗಿದೆ. ರಾತ್ರಿಯ ಕತ್ತಲಲ್ಲಿ ಸದ್ದಾಗದಿರಲೆಂದು ಬರಿಗಾಲಿನಲ್ಲಿ ಬಂದ ನಾರ್ವೆಯ ದಾಳಿಕೋರರಲ್ಲೊಬ್ಬ ಥಿಸಲ್ ತುಳಿದು ಕಿರುಚಿದ. ಮಲಗಿದ್ದ ಸ್ಕಾಟರು ಎಚ್ಚೆತ್ತು ಶತ್ರುವನ್ನು ಹಿಮ್ಮೆಟ್ಟಿಸಿದರು. ಇದನ್ನು 1263ರ ಲಾರ್ಗ್ಸ್ ಕದನಕ್ಕೆ ಜೋಡಿಸುವ ವಾಡಿಕೆಯಿದೆ, ಆದರೆ ಆ ಕಾಲದ ಯಾವ ದಾಖಲೆಯಲ್ಲಿಯೂ ಈ ಘಟನೆ ಇಲ್ಲ. ದಾಖಲೆಯ ನೆಲೆ ಸಿಗುವುದು ಎರಡು ಶತಮಾನಗಳ ನಂತರ: 1470ರಲ್ಲಿ ಮೂರನೆಯ ಜೇಮ್ಸ್ ದೊರೆಯ ಬೆಳ್ಳಿ ನಾಣ್ಯಗಳ ಮೇಲೆ ಥಿಸಲ್ ಕಾಣಿಸಿಕೊಂಡಿತು. 1687ರಲ್ಲಿ ಏಳನೆಯ ಜೇಮ್ಸ್ ಈ ಗಿಡದ ಹೆಸರಿನಲ್ಲಿ ಒಂದು ವೀರಪದವಿಯನ್ನು ಸ್ಥಾಪಿಸಿದ, ರಾಣಿ ಆನ್ 1703ರಲ್ಲಿ ಅದಕ್ಕೆ ಮರುಜೀವ ಕೊಟ್ಟಳು. ದೊರೆಯ ಹೊರತಾಗಿ ಹದಿನಾರು ಮಂದಿಗೆ ಸೀಮಿತವಾದ ಆ ಪದವಿ ಇಂದಿಗೂ ಚಾಲ್ತಿಯಲ್ಲಿದೆ. ಎಡಿನ್‌ಬರೋದ ಸೇಂಟ್ ಜೈಲ್ಸ್ ಕೆಥೀಡ್ರಲ್‌ನಲ್ಲಿ ರಾಬರ್ಟ್ ಲಾರಿಮರ್ ವಿನ್ಯಾಸಗೊಳಿಸಿ 1911ರಲ್ಲಿ ತೆರೆದ ಅದರ ಪ್ರಾರ್ಥನಾಮಂದಿರ ಪುಟ್ಟದಾದರೂ ಕೆತ್ತನೆಯ ಸಮೃದ್ಧಿಗೆ ಹೆಸರಾಗಿದೆ. ಇಷ್ಟಾಗಿಯೂ ಲಾಂಛನದ ಗಿಡ ನಿಖರವಾಗಿ ಯಾವುದು ಎಂಬುದಕ್ಕೆ ಅಧಿಕೃತ ಉತ್ತರವಿಲ್ಲ. ಚಿತ್ರಗಳಲ್ಲಿ ಹೆಚ್ಚಾಗಿ ಬರೆಯುವುದು ಭವ್ಯವಾದ ಕಾಟನ್ ಥಿಸಲ್ ಅನ್ನು, ಆದರೆ ಅದು ಸ್ಕಾಟ್ಲೆಂಡಿನ ಮೂಲದ ಗಿಡವಲ್ಲ. ಅಲ್ಲಿನ ನೆಲದಲ್ಲಿ ಮೊದಲಿನಿಂದಲೂ ಎಲ್ಲೆಲ್ಲೂ ಬೆಳೆಯುತ್ತಿದ್ದುದು ಸ್ಪಿಯರ್ ಥಿಸಲ್. ವಾದ ಅದರ ಪರವಾಗಿಯೇ ಬಲವಾಗಿದೆ ಎಂದು ನನ್ನ ಎಣಿಕೆ.

ಫ್ರಾನ್ಸಿನ ನ್ಯಾನ್ಸಿ ನಗರಕ್ಕೂ ಥಿಸಲ್ಲೇ ಲಾಂಛನ, ಅಲ್ಲಿಯೂ ಅರ್ಥ ಹೆಚ್ಚುಕಡಿಮೆ ಅದೇ: ಮುಟ್ಟಿದರೆ ಚುಚ್ಚುತ್ತೇನೆ. ಬೈಬಲ್ಲಿನಲ್ಲಿ ಸ್ವರ ಪೂರ್ತಿ ಬೇರೆ. ಆದಾಮನ ತಪ್ಪಿಗಾಗಿ ಶಪಿತವಾದ ಭೂಮಿ ಮುಳ್ಳುಗಿಡಗಳನ್ನು ಬೆಳೆಯುತ್ತದೆ ಎಂದು ಆದಿಕಾಂಡ ಹೇಳುತ್ತದೆ. ಇಸ್ರೇಲಿನ ಅರಸ ಯೆಹೋವಾಷ ಯೆಹೂದದ ಅರಸನ ಜಂಬವನ್ನು ಇಳಿಸಲು ಹೇಳಿದ ದೃಷ್ಟಾಂತದಲ್ಲಿ, ದೇವದಾರುವಿನ ಮಗಳನ್ನು ತನ್ನ ಮಗನಿಗೆ ಕೇಳಿದ ಮುಳ್ಳುಗಿಡವನ್ನು ಕಾಡುಮೃಗವೊಂದು ತುಳಿದುಹಾಕುತ್ತದೆ. ಆದರೆ ಕ್ರೈಸ್ತ ಚಿತ್ರಕಲೆ ಈ ಶಾಪದ ಗಿಡಕ್ಕೆ ಇನ್ನೊಂದು ದಾರಿಯಿಂದ ಗೌರವ ತಂದಿತು. ಥಿಸಲ್ ತಿನ್ನುವ ಗೋಲ್ಡ್‌ಫಿಂಚ್ ಹಕ್ಕಿ, ಮುಳ್ಳಿನ ನಂಟಿನಿಂದಾಗಿ, ಯೇಸುವಿನ ಮುಳ್ಳಿನ ಕಿರೀಟದ ಮತ್ತು ಯಾತನೆಯ ಸಂಕೇತವಾಯಿತು. ಫ್ಲಾರೆನ್ಸಿನ ಉಫೀಝಿ ಕಲಾಸಂಗ್ರಹಾಲಯದಲ್ಲಿರುವ ರಾಫೆಲ್‌ನ ಚಿತ್ರವೊಂದರಲ್ಲಿ ಬಾಲಕ ಯೋಹಾನ ಶಿಶು ಯೇಸುವಿನ ಮುಂದೆ ಚಾಚುವುದು ಈ ಹಕ್ಕಿಯನ್ನೇ.

ಸಂಕೇತಗಳಲ್ಲೆಲ್ಲ ನನಗೆ ಅತಿ ಪ್ರಿಯವಾದದ್ದು ಸ್ಪೇನ್ ಮತ್ತು ಫ್ರಾನ್ಸ್‌ಗಳ ಗಡಿಯ ಬಾಸ್ಕ್ ಜನರದು. ಅಲ್ಲಿನ ಹಳೆಯ ಮನೆಗಳ ಬಾಗಿಲಿಗೆ ಕಾರ್ಲಿನಾ ಕುಲದ ಥಿಸಲ್‌ನ ದೊಡ್ಡ ಒಣಹೂವನ್ನು ಮೊಳೆ ಹೊಡೆದು ಕೂರಿಸುತ್ತಾರೆ. ಕತ್ತಲಿನ ದುಷ್ಟಶಕ್ತಿಗಳಿಗೆ ಹೆದರಿದ ಜನ ಮೊರೆಯಿಟ್ಟಾಗ ಭೂತಾಯಿ ಅಮಲೂರ್ ಮೊದಲು ಚಂದ್ರನನ್ನು, ಅದು ಸಾಲದಾದಾಗ ಸೂರ್ಯನನ್ನು, ಸೂರ್ಯನಿಲ್ಲದ ರಾತ್ರಿಯ ರಕ್ಷಣೆಗಾಗಿ ಕೊನೆಗೆ ಈ ಹೂವನ್ನು ಸೃಷ್ಟಿಸಿದಳಂತೆ. ಒಳಗೆ ಬರುವ ಮುನ್ನ ಹೂವಿನ ಎಳೆಗಳನ್ನೆಲ್ಲ ಎಣಿಸಲೇಬೇಕಾದ ಮಾಟಗಾತಿ, ಎಣಿಕೆ ಮುಗಿಯುವಷ್ಟರಲ್ಲಿ ಬೆಳಗಾಗಿ ಓಡಿಹೋಗುತ್ತಾಳೆ. ಇದೇ ಹೂ ಹವಾಮಾನವನ್ನೂ ತಿಳಿಸುತ್ತದೆ. ಅದರ ಬೆಳ್ಳಿಬಣ್ಣದ ಹುರುಪೆಗಳ ಒಳಮೈ, ಹೊರಮೈಗಳು ತೇವವನ್ನು ಹೀರಿ ಹಿಗ್ಗುವ ಪ್ರಮಾಣ ಬೇರೆ ಬೇರೆ. ಹಾಗಾಗಿ ಗಾಳಿಯಲ್ಲಿ ತೇವ ಹೆಚ್ಚಿದಾಗ ಹುರುಪೆಗಳು ಬಾಗಿ ಮುಚ್ಚಿಕೊಳ್ಳುತ್ತವೆ, ಒಣಗಿದಾಗ ಬಿಚ್ಚಿಕೊಳ್ಳುತ್ತವೆ. ಇದಕ್ಕೆ ಜೀವವಿರಬೇಕೆಂದೇನೂ ಇಲ್ಲ, ಆದ್ದರಿಂದಲೇ ಬಾಗಿಲಿನ ಒಣಹೂವೂ ವರ್ಷಗಟ್ಟಲೆ ಮಳೆಯ ಮುನ್ಸೂಚನೆ ಕೊಡುತ್ತದೆ.

ಥಿಸಲ್ ಕಳೆಯಲ್ಲ ಎಂದು ನಾನು ವಾದಿಸಲಾರೆ. ಬೀಗಲ್ ಹಡಗಿನ ಯಾನದಲ್ಲಿದ್ದ ಚಾರ್ಲ್ಸ್ ಡಾರ್ವಿನ್, ಇಂದಿನ ಉರುಗ್ವೆಯಲ್ಲಿ ಯುರೋಪಿನಿಂದ ಬಂದ ಕಾರ್ಡೂನ್ ನೂರಾರು ಚದರ ಮೈಲಿ ನೆಲವನ್ನು ಒಂದೇ ಸಮನೆ ಆವರಿಸಿ, ಮನುಷ್ಯರಾಗಲಿ ಪ್ರಾಣಿಗಳಾಗಲಿ ಹೊಗಲಾರದಂತೆ ನಿಂತಿರುವುದನ್ನು ಬರೆದಿಟ್ಟಿದ್ದಾನೆ. ಹೊಲಗಳಲ್ಲಿ ಅದಕ್ಕಿಂತ ಹಟಮಾರಿ ಎಂದರೆ ಕ್ರೀಪಿಂಗ್ ಥಿಸಲ್. ಸ್ಪಿಯರ್ ಥಿಸಲ್‌ಗೆ ಬೀಜವೊಂದೇ ಗತಿಯಾದರೆ, ಇದಕ್ಕೆ ನೆಲದೊಳಗೆ ಅಡ್ಡಡ್ಡ ಹರಿಯುವ ಬೇರುಗಳಿವೆ. ಉಳುಮೆಯಲ್ಲಿ ತುಂಡಾದ ಪ್ರತಿ ಚೂರೂ ಹೊಸ ಗಿಡವಾಗಬಲ್ಲದು. ಇದನ್ನು ಅವಸರದಲ್ಲಿ ಕತ್ತರಿಸಿ ಪ್ರಯೋಜನವಿಲ್ಲ. ಮೇ ತಿಂಗಳಲ್ಲಿ ಕತ್ತರಿಸಿದರೆ ಮರುದಿನವೇ ಬೆಳೆಯುತ್ತದೆ, ಜೂನ್ ಇನ್ನೂ ಬೇಗ, ಜುಲೈಯಲ್ಲಿ ಕತ್ತರಿಸಿದರೆ ಸಾಯುತ್ತದೆ ಎಂಬರ್ಥದ ಹಳೆಯ ಮಾತು ಇಂಗ್ಲೆಂಡಿನ ರೈತರಲ್ಲಿದೆ. ಹೂಬಿಡುವ ಹೊತ್ತಿಗೆ ಬೇರಿನ ದಾಸ್ತಾನು ಅತಿ ಕಡಿಮೆಯಾಗಿರುವುದರಿಂದ ಆ ಮಾತಿನಲ್ಲಿ ಹುರುಳಿದೆ. ಹುಲ್ಲುಗಾವಲಿನಲ್ಲಿ ಥಿಸಲ್ ಹೆಚ್ಚುವುದಕ್ಕೆ ಮುಖ್ಯ ಕಾರಣ ಅತಿಮೇಯಿಸುವಿಕೆ: ಹುಲ್ಲು ಸವೆದು ನೆಲ ಬರಿದಾದ ಕಡೆ ಬೀಜಕ್ಕೆ ಜಾಗ ಸಿಗುತ್ತದೆ, ಮೊಳೆತ ಗಿಡವನ್ನು ದನ ಮುಟ್ಟದೆ ಸುತ್ತಲಿನ ಹುಲ್ಲನ್ನು ಇನ್ನಷ್ಟು ಸವೆಸುತ್ತದೆ. ಅಂಥ ಕಡೆ ಗಿಡವನ್ನು ಕಿತ್ತರಷ್ಟೇ ಸಾಲದು, ಮೇಯಿಸುವ ಕ್ರಮವನ್ನೇ ಬದಲಿಸಬೇಕು.

ಈ ಕಳೆಗಳ ಮೇಲಿನ ಯುದ್ಧದಲ್ಲಿ ಉತ್ತರ ಅಮೆರಿಕ ತೆಗೆದುಕೊಂಡ ಒಂದು ನಿರ್ಧಾರ ನನ್ನನ್ನು ಬಹಳವಾಗಿ ಕಾಡುತ್ತದೆ. ಅಲ್ಲಿಗೆ ಹೊರಗಿನಿಂದ ಬಂದು ಹಬ್ಬಿದ್ದ ಮಸ್ಕ್ ಥಿಸಲ್ ಅನ್ನು ಹತ್ತಿಕ್ಕಲು, ಯುರೋಪಿನಿಂದ ರೈನೋಸಿಲಸ್ ಕೋನಿಕಸ್ ಎಂಬ ಮೂತಿಹುಳುವನ್ನು ತರಿಸಿ, 1968ರಲ್ಲಿ ಕೆನಡಾದಲ್ಲಿಯೂ 1969ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿಯೂ ಬಿಟ್ಟರು. ಈ ಹುಳು ಹೂತಲೆಯ ಹುರುಪೆಗಳ ಮೇಲೆ ಮೊಟ್ಟೆಯಿಡುತ್ತದೆ, ಮರಿಗಳು ಒಳಗೆ ಕೊರೆದು ಬೆಳೆಯುತ್ತಿರುವ ಬೀಜವನ್ನು ತಿಂದುಹಾಕುತ್ತವೆ. ಅದು ಒಂದೇ ಪ್ರಭೇದಕ್ಕೆ ಅಂಟಿಕೊಳ್ಳುವ ಹುಳುವಲ್ಲ ಎಂಬುದು ಬಿಡುಗಡೆಗೆ ಮೊದಲೇ ಗೊತ್ತಿ‌ತ್ತು. ಅಲ್ಲಿನ ಸ್ಥಳೀಯ ಥಿಸಲ್‌ಗಳಿಗೆ ಹೇಳಿಕೊಳ್ಳುವಂಥ ಹಾನಿಯಾಗದು ಎಂದು ಭಾವಿಸಿದರು. ಸ್ಥಳೀಯ ಥಿಸಲ್‌ಗಳಿಗೇನಾದೀತು ಎಂಬ ಪ್ರಶ್ನೆಗೆ ಆಗ ಹೆಚ್ಚು ತೂಕವೂ ಇರಲಿಲ್ಲ, ಥಿಸಲ್ ಎಂದರೆ ಕಳೆ ಎಂಬ ಸಮೀಕರಣ ಅಷ್ಟು ಬಲವಾಗಿತ್ತು. ನೆಬ್ರಾಸ್ಕಾದಲ್ಲಿ ಸ್ವಾತಾ ಲೌಡಾ ಮತ್ತು ಸಂಗಡಿಗರು ವರ್ಷಗಳ ಕಾಲ ಲೆಕ್ಕವಿಟ್ಟು, 1997ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು: ಮರಳುದಿಬ್ಬಗಳ ಸ್ಥಳೀಯ ಗಿಡವಾದ ಪ್ಲ್ಯಾಟ್ ಥಿಸಲ್‌ನ ಹೂತಲೆಗಳಲ್ಲಿ ಈ ಹುಳು ಹೆಚ್ಚುತ್ತ ಹೋಗಿ, ಅದರ ಬೀಜದ ಉತ್ಪತ್ತಿಯನ್ನು ತೀವ್ರವಾಗಿ ಕುಗ್ಗಿಸಿತ್ತು. ಬೀಜದಿಂದ ಮಾತ್ರ ಮುಂದುವರಿಯುವ, ಒಮ್ಮೆ ಹೂಬಿಟ್ಟು ಸಾಯುವ ಗಿಡಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೊಂದಿಲ್ಲ.

ಇನ್ನೂ ಹೆಚ್ಚು ಆತಂಕ ಪಿಚರ್ ಥಿಸಲ್‌ನದು. ಜಗತ್ತಿನಲ್ಲಿ ಇದು ಬೆಳೆಯುವುದು ಉತ್ತರ ಅಮೆರಿಕದ ಮಹಾಸರೋವರಗಳ ದಂಡೆಯ ಮರಳುದಿಬ್ಬಗಳಲ್ಲಿ ಮಾತ್ರ. ಎಲೆ, ಕಾಂಡಗಳ ಮೇಲೆಲ್ಲ ಬಿಳಿ ಉಣ್ಣೆಯಂಥ ಹೊದಿಕೆ, ಮರಳಿನ ಆಳಕ್ಕೆ ನೀರು ಹುಡುಕಿ ಇಳಿಯುವ ತಾಯಿಬೇರು, ಕೆನೆಬಣ್ಣದಿಂದ ನಸುಗೆಂಪಿನವರೆಗಿನ ಹೂ. ಮುಳ್ಳುಗಳೂ ಸ್ಪಿಯರ್ ಥಿಸಲ್‌ನಷ್ಟು ಉಗ್ರವಲ್ಲ. ನಾಲ್ಕರಿಂದ ಎಂಟು ವರ್ಷ ಎಲೆಚಕ್ರವಾಗಿಯೇ ಕಾದು, ಒಮ್ಮೆ ಹೂಬಿಟ್ಟು ಸಾಯುತ್ತದೆ. ದಂಡೆಯ ಮೇಲಿನ ಕಟ್ಟಡಗಳೂ ಪ್ರವಾಸಿಗಳ ತುಳಿತವೂ ಇದರ ನೆಲೆಯನ್ನು ಕುಗ್ಗಿಸಿದ್ದರಿಂದ 1988ರಲ್ಲಿ ಅಮೆರಿಕ ಇದನ್ನು ಅಪಾಯದಂಚಿನ ಪ್ರಭೇದವೆಂದು ಕಾನೂನಿನಡಿ ಸೇರಿಸಿತು. ಕಳೆಯ ವಿರುದ್ಧ ತಂದ ಮೂತಿಹುಳು ಈಗ ಇದರ ಹೂತಲೆಯಲ್ಲಿಯೂ ಕಾಣಿಸಿಕೊಂಡಿದೆ, ಮತ್ತು ಒಮ್ಮೆ ಬಿಟ್ಟ ಹುಳುವನ್ನು ಮರಳಿ ಕರೆಯುವ ಉಪಾಯ ಯಾರ ಬಳಿಯೂ ಇಲ್ಲ. ಯಾವುದೇ ಥಿಸಲ್‌ನ ವಿರುದ್ಧ ಹೊಸ ಕೀಟವೊಂದನ್ನು ತರುವ ಪ್ರಸ್ತಾಪ ಬಂದಾಗ, ಕಳೆಯ ಗಿಡದೊಂದಿಗೆ ಅದರ ಸ್ಥಳೀಯ ಬಂಧುಗಳೆಲ್ಲವನ್ನೂ ಒಂದೊಂದಾಗಿ ಅದೇ ಕೀಟದ ಮುಂದಿಟ್ಟು ಪರೀಕ್ಷಿಸಬೇಕು, ಮತ್ತು ಅವುಗಳಲ್ಲಿ ಅಪರೂಪದ್ದೊಂದು ಅದಕ್ಕೆ ಆಹಾರವಾಗುವಂತಿದ್ದರೆ ಕಳೆಯಿಂದಾಗುವ ನಷ್ಟ ಎಷ್ಟೇ ಇದ್ದರೂ ಆ ಕೀಟವನ್ನು ಬಿಡಬಾರದು ಎಂಬುದು ನನ್ನ ನಿಲುವು.